ಶ್ರುತಿ ಹಿಡಿದ ಸೊಲ್ಲು: ಶಿಕಾರಿಪುರ–ಸೊರಬ ಪರಿಸರದ ಹಾಡುಗಾರಿಕೆಯಲ್ಲಿ ಸೃಜನಶೀಲತೆಯ ನೆಲೆಗಳು

ಕನ್ನಡದ ಜಾನಪದ ಅಧ್ಯಯನವು ಹಾಡನ್ನು ಬಹುಮಟ್ಟಿಗೆ ಸಾಹಿತ್ಯಪಠ್ಯವಾಗಿಯೇ ಪರಿಗಣಿಸುತ್ತ ಬಂದಿದೆ. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ಜನಪದ ಕವಿತೆಯ ಸತ್ವವನ್ನು ಓದುಬಲ್ಲವರಿಗೆ ಮನಗಾಣಿಸುವುದೇ ಮುಖ್ಯ ಉದ್ದೇಶವಾಗಿತ್ತು. ಆ ಉದ್ದೇಶ ಸಾರ್ಥಕವಾಗಿ ನೆರವೇರಿತು. ಆದರೆ ಅಂದಿನ ಅನಿವಾರ್ಯತೆ ಮುಂದಿನ ತಲೆಮಾರುಗಳಲ್ಲಿ ಪದ್ಧತಿಯಾಗಿ ಗಟ್ಟಿಗೊಂಡಿತು. ಹಾಡುಗಾರರ ಬಾಯಿಂದ ಪದವನ್ನು ಬರೆದುಕೊಂಡು, ಪುನರುಕ್ತಿಗಳನ್ನು ಕಳೆದು, ಪಾದಗಳನ್ನು ಜೋಡಿಸಿ ಅಚ್ಚು ಹಾಕಿಸಿದರೆ ಸಂಗ್ರಹಕಾರ್ಯ ಮುಗಿಯಿತೆಂಬ ಭಾವನೆ ನೆಲೆಯೂರಿತು. ಹಾಡು ಯಾವ ಸ್ವರದ ಮೇಲೆ ನಿಂತಿತ್ತು, ಆ ಸ್ವರವನ್ನು ಯಾವ ವಾದ್ಯ ಅಥವಾ ಯಾರ ಕಂಠ ಹಿಡಿದಿತ್ತು, ಹಾಡುಗಾರ ಅದನ್ನು ಎಲ್ಲಿ ಬಿಟ್ಟು ಎಲ್ಲಿ ಮರಳಿ ಕೂಡಿಕೊಂಡ ಎಂಬ ಪ್ರಶ್ನೆಗಳು ಪ್ರಸ್ತಾವನೆಗಳಲ್ಲಿ ಒಂದೆರಡು ವಾಕ್ಯಗಳಿಗೆ ಸೀಮಿತವಾದವು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಾಡುಗಾರಿಕೆಯನ್ನು ಎದುರಿಗಿಟ್ಟುಕೊಂಡು, ಶ್ರುತಿಯೇ ಹಾಡಿನ ರಚನೆಗೆ ಆಧಾರವಾಗುವ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶ್ರುತಿ ಎಂಬುದನ್ನು ಇಲ್ಲಿ ನಿರಂತರವಾಗಿ ಮೊಳಗುವ ಆಧಾರಸ್ವರ ಎಂಬ ಅರ್ಥದಲ್ಲಿ ಬಳಸಲಾಗಿದೆ. ಅದನ್ನು ಹಾಡಿನ ಹಿನ್ನೆಲೆ ಎಂದು ಕರೆಯುವುದು ವಾಡಿಕೆ. ಈ ಪರಿಸರದ ಮೂರು ಹಾಡುಗಾರಿಕೆಯ ಕ್ರಮಗಳಲ್ಲಿ ಅದು ಹಿನ್ನೆಲೆಯಾಗಿ ಉಳಿಯದೆ ಹಾಡುಗಾರನ ಸಹಕರ್ತೃವಾಗಿ ಕೆಲಸ ಮಾಡುತ್ತದೆ ಎಂಬುದು ಲೇಖನದ ವಾದ.

ಪರಿಸರ ಮತ್ತು ಪರಂಪರೆ

ಕುಮುದ್ವತಿ ಹರಿಯುವ ಶಿಕಾರಿಪುರ ತಾಲ್ಲೂಕು ಬಯಲುಸೀಮೆಗೂ ಮಲೆನಾಡಿಗೂ ನಡುವಿನ ನಾಡು. ವರದಾ ಮತ್ತು ದಂಡಾವತಿಗಳ ಸೊರಬ ತಾಲ್ಲೂಕು ಮಲೆನಾಡಿನ ಅಂಚು. ಹೀಗಾಗಿ ಬಯಲಿನ ತತ್ವಪದದ ಭಜನೆ, ಮಲೆನಾಡಿನ ದೀಪಾವಳಿ ಪದ, ಶಕ್ತಿದೇವತೆಯ ಚೌಡಿಕೆ ಪದ ಇವು ಹತ್ತಿರ ಹತ್ತಿರದ ಊರುಗಳಲ್ಲಿ ಕೇಳಸಿಗುತ್ತವೆ.

ಈ ನೆಲಕ್ಕೆ ದೀರ್ಘ ಇತಿಹಾಸವಿದೆ. ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನವನ್ನು ಉಲ್ಲೇಖಿಸುವುದರೊಂದಿಗೆ, ದೀನರು, ಕುಂಟರು, ಕುರುಡರ ಜೊತೆಯಲ್ಲಿಯೇ ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದು ಹೇಳುತ್ತದೆ. ಅಲೆದಾಡಿ ಹಾಡುವ ವೃತ್ತಿಕಲಾವಿದರು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಗುರುತಿಸಬಹುದಾದ ಒಂದು ವರ್ಗವಾಗಿದ್ದರೆಂಬುದಕ್ಕೆ ಇದು ಸ್ಪಷ್ಟ ಆಧಾರ. ಅಲ್ಲಮಪ್ರಭು ಇದೇ ಬಳ್ಳಿಗಾವೆಯವನು. ಹರಿಹರನ ರಗಳೆಯಲ್ಲಿಯೂ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿಯೂ ಅವನು ಮದ್ದಳೆಗಾರನಾಗಿ ಕಾಣಿಸಿಕೊಳ್ಳುತ್ತಾನೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಕಲ್ಯಾಣದಲ್ಲಿ ಅವಳನ್ನು ಎದುರುಗೊಂಡು ಪರೀಕ್ಷಿಸಿದನೆಂದು 'ಶೂನ್ಯಸಂಪಾದನೆ' ಹೇಳುವ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿಯೇ ತಂತಿವಾದ್ಯವಿದೆ.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರವೂ ಅಗತ್ಯ. ಕಾವ್ಯದ ಮದ್ದಳೆಯಿಂದಲೋ ಶರಣರ ಕಿನ್ನರಿಯಿಂದಲೋ ಇಂದಿನ ಏಕತಾರಿಯವರೆಗೆ ನೇರ ಗೆರೆ ಎಳೆಯುವುದು ಸುಲಭ. ಅದನ್ನು ಸಾಧಿಸುವುದು ಕಷ್ಟ. ಮದ್ದಳೆ ತಾಳವಾದ್ಯ, ಕಿನ್ನರಿ ಮೆಟ್ಟಿಲುಗಳುಳ್ಳ, ಸ್ವರಸಂಚಾರ ತೋರಬಲ್ಲ ವಾದ್ಯ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ 'ಸಂಗೀತರತ್ನಾಕರ' ಏಕತಂತ್ರಿ, ಕಿನ್ನರಿ ಮೊದಲಾದ ವೀಣೆಗಳನ್ನು ವಿವರಿಸುತ್ತದೆಯೇ ಹೊರತು, ಇಂದು ನಾವು ತಿಳಿದಿರುವ, ಕೇವಲ ಶ್ರುತಿಗಾಗಿ ಮೀಟುವ ತಂಬೂರಿಯನ್ನು ಹೇಳುವುದಿಲ್ಲ. ಆದ್ದರಿಂದ ಜನಪದ ಏಕತಾರಿಯನ್ನು ಶಾಸ್ತ್ರೀಯ ತಂಬೂರಿಯ ಬಡ ಅನುಕರಣೆ ಎಂದು ಭಾವಿಸುವುದಕ್ಕೂ ಆಧಾರವಿಲ್ಲ. ಅದೇ ಎಲ್ಲಕ್ಕೂ ಮೂಲವೆಂದು ಹೇಳುವುದಕ್ಕೂ ಆಧಾರವಿಲ್ಲ. ಎರಡನ್ನೂ ಅವುಗಳ ಬಳಕೆಯಿಂದಲೇ ಅರಿಯಬೇಕಾಗುತ್ತದೆ.

ಕಂಠವೇ ಶ್ರುತಿಯಾಗುವ ಬಗೆ

ಮೊದಲನೆಯ ಕ್ರಮದಲ್ಲಿ ವಾದ್ಯವೇ ಇಲ್ಲ. ದೀಪಾವಳಿಯ ಬಲಿಪಾಡ್ಯಮಿಯಿಂದ ರಾತ್ರಿಯಿಡೀ ಜ್ಯೋತಿಯನ್ನು ಹೊತ್ತು ಮನೆಮನೆಗೆ ಹೋಗಿ ಹಾಡುವ ಅಂಟಿಕೆ–ಪಂಟಿಕೆ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ವಿಶಿಷ್ಟ ಆಚರಣೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ದೀಪ ಆರಬಾರದು. ಮುಂದಾಳುಗಳು ಒಂದು ಸೊಲ್ಲನ್ನು ಹೇಳುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಮದುವೆಯ ಹಸೆಯ ಮುಂದೆ ಹೆಂಗಸರು ಎರಡು ಗುಂಪಾಗಿ ಹಾಡುವ ಸೋಬಾನೆಯ ವಿನ್ಯಾಸವೂ ಇಂಥದೇ.

ಈ ಹಾಡುಗಳ ಸ್ವರವ್ಯಾಪ್ತಿ ಕಿರಿದು. ಕೆಲವೇ ಸ್ವರಗಳಲ್ಲಿ ಇಡೀ ಕಥೆ ಸಾಗುತ್ತದೆ. ಇದನ್ನು ಕಂಡು ಇಂತಹ ಹಾಡುಗಾರಿಕೆಯನ್ನು 'ಏಕತಾನ' ಎಂದು ತಳ್ಳಿಹಾಕುವ ಅಭಿಪ್ರಾಯ ಪಂಡಿತವಲಯದಲ್ಲಿ ಹಿಂದಿನಿಂದಲೂ ಇದೆ. ಆದರೆ ಸೊಲ್ಲಿನ ಕೊನೆಯನ್ನು ಗಮನವಿಟ್ಟು ಕೇಳಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಮುಂದಾಳುಗಳು ಕೊನೆಯ ಅಕ್ಷರವನ್ನು ಎಳೆದು ನಿಲ್ಲಿಸುತ್ತಾರೆ. ಅದು ನಿಲ್ಲುವ ಮೊದಲೇ ಹಿಂದಿನವರು ಅದೇ ಸ್ವರದಿಂದ ಎತ್ತಿಕೊಳ್ಳುತ್ತಾರೆ. ಒಬ್ಬರ ಮುಗಿತಾಯ ಇನ್ನೊಬ್ಬರಿಗೆ ಆಧಾರಸ್ವರ. ಹೀಗೆ ಶ್ರುತಿಯು ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ದಾಟುತ್ತ ಹೋಗುತ್ತದೆ. ಆರದಂತೆ ಕಾಯುವ ದೀಪಕ್ಕೂ ಕಡಿಯದಂತೆ ಕಾಯುವ ಸ್ವರಕ್ಕೂ ಇರುವ ಹೋಲಿಕೆಯನ್ನು ಕೇವಲ ರೂಪಕವೆಂದು ಬಿಡಲಾಗದು. ಎರಡೂ ಒಂದೇ ಆಚರಣೆಯ ಎರಡು ಕರ್ತವ್ಯಗಳು. ಗ್ರೀಕ್ ಕ್ರೈಸ್ತಮಂದಿರಗಳಲ್ಲಿ ಒಂದು ಗುಂಪು ಆಧಾರಸ್ವರವನ್ನು ಹಿಡಿದಿರುವಾಗ ಮತ್ತೊಂದು ಸ್ತೋತ್ರವನ್ನು ಹಾಡುವ ಪದ್ಧತಿಯಿದೆ. ಹಿಡಿದ ಸ್ವರವನ್ನು ಅಲ್ಲಿ 'ಇಸೋನ್' ಎನ್ನುತ್ತಾರೆ. ಅಲ್ಲಿ ಶ್ರುತಿ ಹಿಡಿಯುವವರು ಬೇರೆ, ಹಾಡುವವರು ಬೇರೆ. ನಮ್ಮ ಮೇಳಗಳಲ್ಲಿ ಈ ಎರಡು ಪಾತ್ರಗಳು ಪ್ರತಿ ಸೊಲ್ಲಿಗೂ ಅದಲುಬದಲಾಗುತ್ತವೆ.

ಈ ಕ್ರಮದಲ್ಲಿ ಮುಂದಾಳಿನ ಸೃಜನಶೀಲತೆ ಇರುವುದು ಸೊಲ್ಲನ್ನು ಒಪ್ಪಿಸುವ ಕೌಶಲದಲ್ಲಿ. ಕಥೆಗೆ ಹೊಸ ವಿವರ ಸೇರಿಸಬೇಕಾದಾಗ, ಮನೆಯ ಯಜಮಾನನ ಹೆಸರನ್ನು ಹಾಡಿನೊಳಗೆ ತರಬೇಕಾದಾಗ, ಮಾತ್ರೆಗಳು ಹೆಚ್ಚು ಕಡಿಮೆಯಾಗುತ್ತವೆ. ಆಗ ಆತ ನಡುವಿನ ಅಕ್ಷರಗಳನ್ನು ಒತ್ತಿ ಸೇರಿಸಿಯೋ ಎಳೆದೋ, ಕೊನೆಯ ಸ್ವರದಲ್ಲಿ ಮಾತ್ರ ತಪ್ಪದೆ ಬಂದು ನಿಲ್ಲುತ್ತಾನೆ. ಹೊಸತು ಏನನ್ನು ಸೇರಿಸಿದರೂ ಹಿಂದಿನವರಿಗೆ ಎತ್ತಿಕೊಳ್ಳಲು ಸ್ವರ ಸಿಗಬೇಕು. ನಡುವೆ ಸ್ವಾತಂತ್ರ್ಯ, ಕೊನೆಯಲ್ಲಿ ಹೊಣೆ ಎಂಬುದು ಇಲ್ಲಿಯ ಅಲಿಖಿತ ನಿಯಮ.

ಅಚ್ಚಿನ ಪುಸ್ತಕ ಕಳೆದುಕೊಳ್ಳುವುದು ಇದನ್ನೇ. ತ್ರಿಪದಿಯ ನಿದರ್ಶನ ಎಲ್ಲರಿಗೂ ಪರಿಚಿತ. ಓದಿನಲ್ಲಿ ಮೂರು ಪಾದಗಳಾಗಿರುವುದು ಹಾಡಿಕೆಯಲ್ಲಿ ಎರಡನೆಯ ಪಾದದ ಭಾಗವೊಂದರ ಆವರ್ತನೆಯಿಂದ ನಾಲ್ಕಾಗುತ್ತದೆ. ಛಂದಸ್ಸಿನ ವಿದ್ವಾಂಸರು ಇದನ್ನು ಗುರುತಿಸಿದ್ದಾರೆ. ಆದರೆ ಆವರ್ತನೆಯನ್ನು ಮಾತ್ರೆಗಳ ಲೆಕ್ಕದಲ್ಲಿ ವಿವರಿಸಿದಷ್ಟು ಅದು ಸ್ವರದ ಹಸ್ತಾಂತರಕ್ಕೆ ಒದಗುವ ಜಾಗವೆಂಬ ದೃಷ್ಟಿಯಿಂದ ವಿವರಿಸಿಲ್ಲ. ಸಂಪಾದಕರು ಅರ್ಥವಿಲ್ಲವೆಂದು ಕೈಬಿಡುವ 'ಏ', 'ಓ', 'ನೋ' ಮುಂತಾದ ಪೂರಕ ಧ್ವನಿಗಳಿಗೂ ಈ ಮಾತು ಅನ್ವಯಿಸುತ್ತದೆ. ಹಾಡುಗಾರ ಶ್ರುತಿಯನ್ನು ಮುಟ್ಟಿ ನೋಡುವ ಸ್ಥಳಗಳು ಅವು.

ಒಂದೇ ತಂತಿಯ ಮೇಲೆ ತತ್ವಪದ

ಎರಡನೆಯ ಕ್ರಮ ಏಕತಾರಿ ಅಥವಾ ತಂಬೂರಿ ಹಿಡಿದು ಹಾಡುವ ತತ್ವಪದದ್ದು. ಇಲ್ಲಿ ಹಾಡುಗಾರನ ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ತಾಳದ ಮೇಲೆ. ತಂತಿಯನ್ನು ಆತ ತನ್ನ ಕಂಠಕ್ಕೆ ಹೊಂದಿಸಿಕೊಳ್ಳುತ್ತಾನೆ; ಕಂಠವನ್ನು ಒಂದು ಗೊತ್ತಾದ ಸ್ವರಮಾನಕ್ಕೆ ಹೊಂದಿಸಿಕೊಳ್ಳುವುದಿಲ್ಲ. ವಯಸ್ಸು, ಹವೆ, ಸರಿರಾತ್ರಿಯ ದಣಿವು ಇವುಗಳಿಗೆ ಅನುಗುಣವಾಗಿ ಶ್ರುತಿ ಏರಿಳಿಯುತ್ತದೆ.

ಶ್ರುತಿ ಎಂಬ ಪದಕ್ಕೆ ವೇದ ಎಂಬ ಅರ್ಥವೂ ಇದೆ. ವೇದದ ಅಧಿಕಾರವನ್ನು ಪ್ರಶ್ನಿಸಿದ ವಚನಕಾರರು ಮತ್ತು ಅವರ ದಾರಿಯನ್ನು ತಮ್ಮದಾಗಿಸಿಕೊಂಡ ತತ್ವಪದಕಾರರು ನಾದದ ಶ್ರುತಿಯನ್ನು ಮಾತ್ರ ಬಿಡಲಿಲ್ಲ. ತನ್ನ ದೇಹವನ್ನೇ ತಂತಿವಾದ್ಯವಾಗಿಸಿ ನುಡಿಸೆಂದು ದೈವವನ್ನು ಬೇಡುವ ಬಸವಣ್ಣನ ವಚನ ಸರ್ವವಿದಿತ. ಶಿಶುನಾಳ ಶರೀಫರು (1819–1889) ತಂಬೂರಿಯನ್ನೇ ವಸ್ತುವಾಗಿಸಿ, ಅದನ್ನು ನುಡಿಸಲು ತಿಳಿಯದವನನ್ನು ಎಚ್ಚರಿಸುವ ಪದ ಕಟ್ಟಿದ್ದಾರೆ. ಒಳಗಿನ ಅನುಭವದ ಸತ್ಯಕ್ಕೆ ಪುಸ್ತಕದ ಪ್ರಮಾಣ ಬೇಡವಾದರೂ ಹಾಡುವ ಕಂಠಕ್ಕೆ ಒಂದು ಪ್ರಮಾಣ ಬೇಕು. ಆ ಸ್ಥಾನವನ್ನು ಒಂಟಿ ತಂತಿ ತುಂಬುತ್ತದೆ.

ತತ್ವಪದದ ಹಾಡುಗಾರನ ಸೃಜನಶೀಲತೆಯನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು ವಿಳಂಬ. ಪಲ್ಲವಿಯ ಕೊನೆಯಲ್ಲಿ ಆಧಾರಸ್ವರಕ್ಕೆ ಬರಬೇಕಾದ ಧ್ವನಿಯನ್ನು ಒಂದು ಸ್ವರ ಮೇಲೆಯೇ ತಡೆದು ನಿಲ್ಲಿಸುವುದು. ತಂತಿ ಒಂದನ್ನು ಹೇಳುತ್ತಿರುತ್ತದೆ, ಕಂಠ ಇನ್ನೊಂದನ್ನು. ಆ ಘರ್ಷಣೆಯಿಂದ ಒಗಟಿನ ಸಾಲಿಗೆ ಒಗಟಿನ ಬಿಗುವು ಬರುತ್ತದೆ. ಎರಡನೆಯದು ಮೌನ. ಕಂಠ ನಿಂತಾಗಲೂ ತಂತಿ ಮುಂದುವರಿಯುವುದರಿಂದ ಹಾಡುಗಾರ ನಿರಾತಂಕವಾಗಿ ಸುಮ್ಮನಿರಬಲ್ಲ. ಕೇಳುಗರಿಗೆ ಅರ್ಥವನ್ನು ಒಳಗಿಳಿಸಿಕೊಳ್ಳಲು ಅವಕಾಶ ದೊರೆಯುತ್ತದೆ. ಮೂರನೆಯದು ವ್ಯಾಖ್ಯಾನ. ಭಜನೆಯ ನಡುವೆ ಪದದ ಅರ್ಥವನ್ನು ಮಾತಿನಲ್ಲಿ ಬಿಡಿಸಿ ಹೇಳುವಾಗಲೂ ಬೆರಳು ತಂತಿಯ ಮೇಲೆಯೇ ಇರುತ್ತದೆ. ಹೀಗಾಗಿ ಮಾತು ಹಾಡಿನಿಂದ ಹೊರಬೀಳುವುದಿಲ್ಲ. ಗದ್ಯ–ಪದ್ಯಗಳ ನಡುವೆ ಅಚ್ಚಿನಲ್ಲಿ ನಾವು ಎಳೆಯುವ ಗೆರೆ ತಂತಿಗೆ ತಿಳಿದಿಲ್ಲ.

ಯುಗೋಸ್ಲಾವಿಯಾದ ಮಹಾಕಾವ್ಯ ಗಾಯಕರನ್ನು ಅಭ್ಯಸಿಸಿದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಶೋಧನೆಯನ್ನು ಇಲ್ಲಿ ನೆನೆಯಬಹುದು. 1960ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಲಾರ್ಡ್ ಅವರು, 'ಗುಸ್ಲೆ' ಎಂಬ ತಂತಿವಾದ್ಯವಿಲ್ಲದೆ ಪದವನ್ನು ಬಾಯಿಪಾಠವಾಗಿ ಹೇಳಿ ಬರೆಸಬೇಕಾದಾಗ ಗಾಯಕರು ಛಂದಸ್ಸಿನಲ್ಲಿ ಎಡವುವುದನ್ನು ದಾಖಲಿಸಿದ್ದಾರೆ. ಅವರ ಸೂತ್ರಸಿದ್ಧಾಂತವನ್ನು ಕನ್ನಡದಲ್ಲಿ ಸಾಕಷ್ಟು ಚರ್ಚಿಸಲಾಗಿದೆ. ಈ ಅಂಶ ಮಾತ್ರ ನಮ್ಮ ಸಂಗ್ರಹ ವಿಧಾನವನ್ನು ಬದಲಾಯಿಸಲಿಲ್ಲ. ಏಕತಾರಿಯನ್ನು ಬದಿಗಿರಿಸಿ 'ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇವೆ' ಎಂದು ಕೇಳಿ ಪಡೆದ ಪಠ್ಯ, ಹಾಡಿದ ಪಠ್ಯದ ನಿಷ್ಠ ಪ್ರತಿಯಾಗಿರುವ ಸಂಭವ ಕಡಿಮೆ.

ಚೌಡಿಕೆ: ಮಾತನಾಡುವ ಶ್ರುತಿ

ಮೂರನೆಯ ಕ್ರಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಆರಾಧನೆಯೊಂದಿಗೆ ಹೆಣೆದುಕೊಂಡ ಚೌಡಿಕೆ ಪದ. ಚೌಡಿಕೆಯ ರಚನೆ ವಿಶಿಷ್ಟವಾದುದು. ಟೊಳ್ಳಾದ ಮರದ ಕೊಳಗ, ಅದರ ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಸೇರುವ ತಂತಿ. ಕೊಳಗವನ್ನು ಕಂಕುಳಲ್ಲಿ ಅವುಚಿ ತಂತಿಯನ್ನು ಮೀಟಲಾಗುತ್ತದೆ. ತಂತಿಯ ಬಿಗಿತವನ್ನು ನುಡಿಸುತ್ತಿರುವಾಗಲೇ ಹೆಚ್ಚು ಕಡಿಮೆ ಮಾಡಬಹುದಾದ್ದರಿಂದ ಸ್ವರ ಏರುತ್ತದೆ, ಜಾರುತ್ತದೆ. ಬಂಗಾಳದ ಬಾವುಲರ ಗೋಪೀಯಂತ್ರ, ರಾಜಸ್ಥಾನದ ಭಪಂಗ್ ಇದೇ ಕುಟುಂಬದವು. ಇವು ತಂತಿವಾದ್ಯವೋ ಚರ್ಮವಾದ್ಯವೋ ಎಂಬ ವಿಚಾರದಲ್ಲಿ ವಾದ್ಯಶಾಸ್ತ್ರಜ್ಞರಲ್ಲಿ ಚರ್ಚೆ ನಡೆದಿದೆ.

ಏಕತಾರಿಯಲ್ಲಿ ಶ್ರುತಿ ಸ್ಥಿರ, ಕಂಠ ಚಲ. ಚೌಡಿಕೆಯಲ್ಲಿ ಶ್ರುತಿಯೇ ಚಲಿಸಬಲ್ಲದು. ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ಹಾಡುವಾಗ ಚೌಡಿಕೆ ಆಧಾರಸ್ವರ ನೀಡುವುದರ ಜೊತೆಗೆ ಲಯವನ್ನೂ ಹಿಡಿಯುತ್ತದೆ, ಸೊಲ್ಲಿನ ಕೊನೆಗೆ ಉತ್ತರವನ್ನೂ ಕೊಡುತ್ತದೆ. ಕಥೆಯ ಉತ್ಕಟ ಸನ್ನಿವೇಶದಲ್ಲಿ ಮೇಲಕ್ಕೆ ಎಳೆದ ತಂತಿ ಕೇಳುಗರನ್ನು ಪ್ರಶ್ನಿಸುವಂತಿರುತ್ತದೆ. ಹಾಡುಗಾರ್ತಿ ತಾನು ನಿಂತ ನೆಲವನ್ನೇ ಅಲುಗಿಸಿ, ಮತ್ತೆ ಅದನ್ನು ಸ್ವಸ್ಥಾನಕ್ಕೆ ತಂದು ಕಥೆಯನ್ನು ಮುಂದುವರಿಸುತ್ತಾಳೆ. ಶ್ರುತಿ ಎಂದರೆ ಅಚಲವಾದ ಷಡ್ಜ ಎಂಬ ಶಾಸ್ತ್ರೀಯ ಕಲ್ಪನೆಯಿಂದ ಇದನ್ನು ಅಳೆದರೆ ಅಪಸ್ವರವೆಂದೇ ತೋರುತ್ತದೆ. ಅಳತೆಗೋಲು ಬದಲಾಗಬೇಕು.

ಈ ಪ್ರಕಾರದ ಸಾಮಾಜಿಕ ಹಿನ್ನೆಲೆಯನ್ನು ಮರೆಮಾಚಿ ಅದರ ಸೊಬಗನ್ನು ಮಾತ್ರ ಹೊಗಳುವುದು ಪ್ರಾಮಾಣಿಕತೆಯಾಗದು. ದೇವಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯ ಮೂಲಕ ನಿಷೇಧಿಸಿತು. ಚಂದ್ರಗುತ್ತಿಯ ಬೆತ್ತಲೆ ಸೇವೆಯೂ 1986ರ ಘರ್ಷಣೆಗಳ ಬಳಿಕ ನಿಷೇಧಕ್ಕೊಳಗಾಯಿತು. ಈ ಕ್ರಮಗಳು ನ್ಯಾಯವಾದವು. ಕಲೆಯ ಹೆಸರಿನಲ್ಲಿ ಅವುಗಳನ್ನು ಸಡಿಲಿಸಬೇಕೆಂದು ಯಾರೂ ಹೇಳಲಾರರು. ಉಳಿಯುವ ಪ್ರಶ್ನೆ ಇಷ್ಟು: ಶೋಷಣೆಯ ಪದ್ಧತಿಯಿಂದ ಬಿಡುಗಡೆಗೊಂಡ ಮೇಲೆ ಚೌಡಿಕೆಯ ಸಂಗೀತಜ್ಞಾನ ಯಾರ ಕೈಯಲ್ಲಿ ಉಳಿಯಬೇಕು? ಜೋಗತಿ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಮುಂದೆ ಪದ್ಮಶ್ರೀ ಪುರಸ್ಕಾರ ಪಡೆದದ್ದು ಒಂದು ಉತ್ತರದ ದಿಕ್ಕನ್ನು ತೋರಿಸುತ್ತವೆ. ಕಲೆಯನ್ನು ಅದರ ವಾರಸುದಾರರೇ, ಗೌರವಯುತ ವೃತ್ತಿಯಾಗಿ, ಕಲಿಸುವ ಹಕ್ಕಿನೊಂದಿಗೆ ಮುಂದುವರಿಸಬಲ್ಲರು. ವೇದಿಕೆಯ ಹತ್ತು ನಿಮಿಷಗಳ ಪ್ರದರ್ಶನಕ್ಕೆ ಅದನ್ನು ಕುಗ್ಗಿಸುವುದು ಆ ಉತ್ತರವಲ್ಲ.

ಶಾಸ್ತ್ರೀಯ ಗಾಯಕನೊಬ್ಬನ ಸಾಕ್ಷ್ಯ

ಜನಪದ ಹಾಡಿನಲ್ಲಿ ಶ್ರುತಿಯ ಮಹತ್ವವನ್ನು ಸಂಶೋಧಕರಿಗಿಂತ ಮೊದಲು ಮನಗಂಡವರಲ್ಲಿ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಗಾಯಕರೊಬ್ಬರಿದ್ದಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಮಕಾಳಿ, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದ ಕಾರಣ 1948ರಲ್ಲಿ ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲೆಸಿದರು. ಹಲವು ವರ್ಷ ಹಾಡಲಾಗದೆ ಮಲಗಿದ್ದ ಅವರ ಕಿವಿಗೆ ಬಿದ್ದದ್ದು ಮಾಳವದ ಹೆಂಗಸರ ಹಾಡು ಮತ್ತು ನಾಥಪಂಥದ ಅಲೆಮಾರಿಗಳ ನಿರ್ಗುಣ ಭಜನೆ. ಚೇತರಿಸಿಕೊಂಡ ಮೇಲೆ ಅವರು ಆ ಮಟ್ಟುಗಳನ್ನು ಸಂಗ್ರಹಿಸಿದರು, ಕಛೇರಿಗಳಲ್ಲಿ ಹಾಡಿದರು, ಅವುಗಳಿಂದ ಹೊಸ ರಾಗಗಳನ್ನು ಕಂಡುಕೊಂಡರು. ರಾಗಗಳ ಬೇರು ಜನಪದ ಮಟ್ಟುಗಳಲ್ಲಿದೆ ಎಂಬುದು ಅವರ ದೃಢವಾದ ನಿಲುವಾಗಿತ್ತು.

ಅವರ ವಿಧಾನ ನಮಗೆ ಎರಡು ಕಾರಣಗಳಿಂದ ಮುಖ್ಯ. ತಂಬೂರಿಗಳನ್ನು ಶ್ರುತಿಗೂಡಿಸುವುದರಲ್ಲಿ ಅವರಿಗಿದ್ದ ನಿಷ್ಠೆ ಸಂಗೀತವಲಯದಲ್ಲಿ ಪ್ರಸಿದ್ಧ. ಶ್ರುತಿಗೂಡಿಸುವುದು ಅವರಿಗೆ ಕಛೇರಿಯ ಪೂರ್ವಸಿದ್ಧತೆಯಾಗಿರದೆ ಗಾಯನದ ಮೊದಲ ಹೆಜ್ಜೆಯೇ ಆಗಿತ್ತು. ಜೊತೆಗೆ, ಮೂರು ನಾಲ್ಕು ಸ್ವರಗಳ ಮಟ್ಟನ್ನು ಅವರು ಬಡತನವೆಂದು ಕಾಣಲಿಲ್ಲ. ಆಧಾರಸ್ವರದೊಂದಿಗೆ ಆ ಸ್ವರಗಳು ಹೂಡುವ ಸಂಬಂಧದಲ್ಲಿ ರಾಗವೊಂದರ ಬೀಜವನ್ನು ಕಂಡರು. ಅವರ ನಿರ್ಗುಣ ಭಜನೆಗಳಲ್ಲಿ ಥಟ್ಟನೆ ಎತ್ತಿದ ಧ್ವನಿ, ಅಷ್ಟೇ ಥಟ್ಟನೆ ಇಳಿದ ಮೌನ, ಆ ಮೌನದಲ್ಲಿ ಕೇಳುವ ತಂಬೂರಿ ಇವು ಏಕತಾರಿಯ ಹಾಡುಗಾರಿಕೆಯಿಂದ ಕಲಿತ ಪಾಠಗಳೆಂದು ತೋರುತ್ತದೆ. ಮಲ್ಲಿಕಾರ್ಜುನ ಮನಸೂರರ (1910–1992) ವಚನಗಾಯನ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ರಾಗದ ಪೂರ್ಣ ಸಂಪತ್ತು ವಚನಕ್ಕೆ ಒದಗುತ್ತದೆ. ನುಡಿ ರಾಗದ ವಿಸ್ತಾರದಲ್ಲಿ ಬೆಳೆಯುತ್ತದೆ. ಎರಡೂ ಶ್ರೇಷ್ಠ ಸಾಧನೆಗಳು. ಜಾನಪದ ವಿದ್ಯಾರ್ಥಿಗೆ ಹೆಚ್ಚು ಕಲಿಸುವುದು ಮಾತ್ರ ಮೊದಲನೆಯದು.

ಬದಲಾವಣೆಯ ಸ್ವರೂಪ

ಹಾರ್ಮೋನಿಯಂ ಭಜನಾಮೇಳಗಳನ್ನು ಪ್ರವೇಶಿಸಿ ಬಹುಕಾಲವಾಯಿತು. ಅದು ಶ್ರುತಿಯನ್ನೂ ಮಟ್ಟನ್ನೂ ತಾನೇ ನುಡಿಸುತ್ತದೆ. ಕಂಠ ಅದರ ಜೊತೆಯಲ್ಲಿ ನಡೆಯಬೇಕಾಗುತ್ತದೆ. ವಿಳಂಬಿಸುವ, ಘರ್ಷಿಸುವ ಅವಕಾಶ ಕಡಿಮೆಯಾಗುತ್ತದೆ. ಸ್ಥಿರಸ್ವರದ ಕೀಲಿಗಳ ನಡುವಿನ ಸೂಕ್ಷ್ಮ ಸ್ಥಾನಗಳು ಹಾಡುಗಾರನ ಕಿವಿಯಿಂದಲೇ ಮಾಯವಾಗತೊಡಗುತ್ತವೆ. ಅನಂತರ ಬಂದ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಕಂಠಕ್ಕೆ ಸ್ವಾತಂತ್ರ್ಯವನ್ನು ಮರಳಿ ಕೊಟ್ಟಿತಾದರೂ ಶ್ರುತಿಯನ್ನು ಹಾಡುಗಾರನ ಬೆರಳಿನಿಂದ ಬೇರ್ಪಡಿಸಿತು. ಬೆರಳು ಮೀಟುವ ತಂತಿ ಭಾವಕ್ಕೆ ತಕ್ಕಂತೆ ಬಿರುಸಾಗುತ್ತದೆ, ಮೆದುವಾಗುತ್ತದೆ; ಪೆಟ್ಟಿಗೆಗೆ ಆ ವಿವೇಚನೆ ಇಲ್ಲ.

ಸುಗಮ ಸಂಗೀತದ ಪ್ರಭಾವ ಇನ್ನಷ್ಟು ವ್ಯಾಪಕವಾದುದು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಮತ್ತು ಸಿ. ಅಶ್ವಥ್ ಅವರ ಗಾಯನ ತತ್ವಪದಗಳನ್ನು ನಾಡಿನ ಮನೆಮನೆಗೆ ತಲುಪಿಸಿದವು. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ವಾದ್ಯಮೇಳದಲ್ಲಿ ಸ್ವರಸಮೂಹಗಳು ಸಾಲಿನಿಂದ ಸಾಲಿಗೆ ಬದಲಾದಾಗ ಆಧಾರಸ್ವರದ ಅರ್ಥವೂ ಬದಲಾಗುತ್ತದೆ. ಕೇಳುಗನನ್ನು ಒಂದೇ ನೆಲೆಯಲ್ಲಿ ನಿಲ್ಲಿಸಿ ಒಗಟನ್ನು ಅವನ ಮುಂದಿಡುವ ಪದ, ಅವನನ್ನು ಹಾಡಿನ ಹರಿವಿನೊಂದಿಗೆ ಒಯ್ಯುವ ಗೀತೆಯಾಗುತ್ತದೆ. ಇಂದು ಹಳ್ಳಿಯ ಭಜನಾಮೇಳಗಳೂ ಧ್ವನಿಮುದ್ರಿಕೆಯ ಮಟ್ಟುಗಳನ್ನೇ ಅನುಸರಿಸುತ್ತಿರುವಾಗ, ಮಟ್ಟುಗಳ ಪ್ರಾದೇಶಿಕ ವೈವಿಧ್ಯ ಕರಗುವ ಅಪಾಯ ಎದುರಾಗಿದೆ.

ಉಪಸಂಹಾರ

ಶಿಕಾರಿಪುರ–ಸೊರಬ ಪರಿಸರದಲ್ಲಿ ಶ್ರುತಿಯ ಮೂರು ಪರಿಕಲ್ಪನೆಗಳು ಜೊತೆಯಾಗಿ ಬಾಳಿವೆ: ಕಂಠದಿಂದ ಕಂಠಕ್ಕೆ ದಾಟುವ ಶ್ರುತಿ, ತಂತಿಯಲ್ಲಿ ಸ್ಥಿರವಾಗಿ ನಿಂತ ಶ್ರುತಿ, ತಾನೇ ಚಲಿಸಿ ಉತ್ತರಿಸುವ ಶ್ರುತಿ. ಮೊದಲನೆಯದರಲ್ಲಿ ಹಾಡುಗಾರನ ಪ್ರತಿಭೆ ಸೊಲ್ಲನ್ನು ಒಪ್ಪಿಸುವುದರಲ್ಲಿದೆ. ಎರಡನೆಯದರಲ್ಲಿ ಆಧಾರಸ್ವರವನ್ನು ತಲುಪುವುದನ್ನು ತಡೆಯುವುದರಲ್ಲಿದೆ. ಮೂರನೆಯದರಲ್ಲಿ ಆಧಾರವನ್ನೇ ಕಥನಕ್ಕೆ ಬಳಸುವುದರಲ್ಲಿದೆ. ಇವನ್ನು 'ಏಕತಾನ' ಎಂಬ ಒಂದೇ ಮಾತಿನಲ್ಲಿ ಅಡಗಿಸುವುದು ವಿಮರ್ಶೆಯ ಸೋಮಾರಿತನ.

ಇದರಿಂದ ಸಂಗ್ರಹಕಾರ್ಯಕ್ಕೆ ಕೆಲವು ಹೊಣೆಗಳು ಒದಗುತ್ತವೆ. ಧ್ವನಿಮುದ್ರಣವನ್ನು ಪದದ ಮೊದಲ ಅಕ್ಷರದಿಂದ ಆರಂಭಿಸದೆ, ತಂತಿಯನ್ನು ಬಿಗಿದು ಹೊಂದಿಸಿಕೊಳ್ಳುವ ಘಟ್ಟದಿಂದಲೇ ಆರಂಭಿಸಬೇಕು. ಆಧಾರಸ್ವರ, ಸೊಲ್ಲು ಬದಲಾಗುವ ಸ್ಥಳ, ಪೂರಕ ಧ್ವನಿ, ಮೌನ ಇವನ್ನು ಪಠ್ಯದಲ್ಲಿ ಗುರುತಿಸಬೇಕು. ಹಾಡಿದ ಪಾಠವನ್ನೂ ಹೇಳಿಸಿ ಬರೆದುಕೊಂಡ ಪಾಠವನ್ನೂ ಬೇರೆ ಬೇರೆಯಾಗಿ ಹೆಸರಿಸಬೇಕು. ಚೌಡಿಕೆ, ಏಕತಾರಿಗಳನ್ನು ಮಾಡಬಲ್ಲ ಕೈಗಳನ್ನು ಹಾಡುಗಾರರಷ್ಟೇ ಮಹತ್ವದ ಮಾಹಿತಿದಾರರೆಂದು ಪರಿಗಣಿಸಬೇಕು. ಈಗಾಗಲೇ ಪ್ರಕಟವಾಗಿರುವ ಸಂಕಲನಗಳ ಬೆಲೆ ಇದರಿಂದ ಕುಗ್ಗುವುದಿಲ್ಲ; ಅವು ಹಾಡಿನ ಅರ್ಧವನ್ನು ಉಳಿಸಿಕೊಟ್ಟಿವೆ. ಇನ್ನರ್ಧ ತಂತಿಯಲ್ಲಿ, ಸೊಲ್ಲಿನ ಕೊನೆಯ ಎಳೆತದಲ್ಲಿ ಇದೆ. ಅದನ್ನು ಬಲ್ಲ ಹಾಡುಗಾರರು ನಮ್ಮ ನಡುವೆ ಇರುವಾಗಲೇ ಅದನ್ನು ದಾಖಲಿಸಿಕೊಳ್ಳಬೇಕಾಗಿದೆ.